ತುಕ್ಕು ಯಾವುದು, ರಕ್ತ ಯಾವುದು

ಹೊಳಲಿನ ನಮ್ಮ ಮಾವನವರಿಗೆ ಎರಡು ವಿಷಯಗಳಲ್ಲಿ ಅಪಾರ ಜ್ಞಾನವಿತ್ತು: ತಮ್ಮ ವಂಶದ ಶೌರ್ಯ ಮತ್ತು ಕರೆಂಟು. ಎರಡನ್ನೂ ಅವರು ಕಣ್ಣಾರೆ ಕಂಡಿರಲಿಲ್ಲ. ನಾನು ಶಿವನಸಮುದ್ರದ ಪವರ್ ಹೌಸಿನಲ್ಲಿ ಫಿಟ್ಟರ್. ಬಾಣಂತನಕ್ಕೆ ತವರಿಗೆ ಹೋದ ನನ್ನ ಹೆಂಡತಿಯನ್ನು ಐದು ತಿಂಗಳಿಗೆ ಕಳಿಸಬೇಕಾದವರು ಮಗುವಿಗೆ ಒಂಬತ್ತು ತಿಂಗಳು ತುಂಬಿದರೂ ಕಳಿಸಿರಲಿಲ್ಲ.

"ಕರೆಂಟು ಉಟ್ಟೋ ಊರ್ಗೆ ಎಳೆಕೂಸ್ನ ಕಳ್ಸಾದಾ? ಗ್ವಾಡೇಲೆಲ್ಲಾ ಅದೇ ಅರೀತಿರ್ತದಂತೆ," ಎನ್ನುತ್ತಿದ್ದರು. ಆ ಮಗುವನ್ನು ನಾನು ಎತ್ತಿಕೊಂಡದ್ದು ನಾಮಕರಣದ ದಿನ, ಒಂದೇ ಸಲ.

ಯುದ್ಧದ ಕಾಲ, ಪೆಟ್ರೋಲಿಗೆ ಬರ. ಇದ್ದಿಲಿನಲ್ಲಿ ಓಡುವ ಬಸ್ಸು ಹತ್ತಿ, ಏರು ಬಂದಾಗಲೆಲ್ಲ ಇಳಿದು ಅದನ್ನು ತಳ್ಳಿ, ಆಯುಧಪೂಜೆಗೆ ಎರಡು ದಿನ ಮುಂಚೆ ಹೊಳಲು ಸೇರಿದೆ. ಮಾವ ಮನೆತನದ ಕತ್ತಿಯನ್ನು ನನ್ನ ಮುಂದಿಟ್ಟರು.

"ತುಕ್ಕು ಇಡ್ದದೆ ಕಣಪ್ಪ ಅಳೀಮಯ್ಯ. ನೀನು ಮಿಸೀನ್ ಕೆಲ್ಸದವ್ನು, ತಗುದ್ಕೊಡು. ಪೂಜೆ ಮಾರ್ನೆ ದಿನ ಎಡ್ತೀನ ಕರ್ಕಂಡೋಗು."

ಇಷ್ಟು ಸುಲಭದ ಪರೀಕ್ಷೆ ಯಾವ ಅಳಿಯನಿಗೂ ಸಿಕ್ಕಿರಲಾರದು. ಬರೀ ಮೇಲುಮೇಲಿನ ತುಕ್ಕು. ಹಿಡಿಯ ಬುಡದಲ್ಲಿ ಒಂದಿಷ್ಟು, ಅಲಗಿನ ನಡುವೆ ಅಂಗೈಯಗಲ ಇನ್ನೊಂದಿಷ್ಟು. ವರ್ಷವರ್ಷವೂ ಕುಂಕುಮ ಕಲಸಿ ಬಳಿದು, ಒದ್ದೆಯಲ್ಲೇ ಒರೆಗೆ ತುರುಕಿದರೆ ಉಕ್ಕಾದರೂ ಏನು ಮಾಡೀತು? ಮರಳುಕಾಗದ ಮುಟ್ಟಬೇಡ, ಗೀರು ಬಿದ್ದರೆ ಹೋಗುವುದಿಲ್ಲ ಎಂದು ಮಳವಳ್ಳಿಯ ಮೆಕ್ಯಾನಿಕ್ ಸಾಬರು ನನಗೆ ಹೇಳಿಕೊಟ್ಟಿದ್ದರು. ಆ ಪ್ರಕಾರ ಸೀಮೆಎಣ್ಣೆಯ ಬಟ್ಟೆ ಸುತ್ತಿ ನೆನೆಯಲು ಬಿಟ್ಟೆ. ಆಮೇಲೆ ಜರಡಿ ಹಿಡಿದ ಬೂದಿಯನ್ನು ಹರಳೆಣ್ಣೆಯಲ್ಲಿ ಕಲಸಿ, ಬೆರಳು ಕೊಯ್ದುಕೊಳ್ಳದಂತೆ ಬೆನ್ನಿನ ಕಡೆಯಿಂದ ಹಿಡಿದು, ಅಲಗಿನ ಉದ್ದಕ್ಕೂ ಒಂದೇ ದಿಕ್ಕಿನಲ್ಲಿ ಮಧ್ಯಾಹ್ನವಿಡೀ ಉಜ್ಜಿದೆ. ಒಣಬಟ್ಟೆಯಲ್ಲಿ ಒರೆಸಿ, ಹೊಲಿಗೆ ಮಿಷನ್ನಿನ ಎಣ್ಣೆಯನ್ನು ತೆಳ್ಳಗೆ ಸವರಿದೆ. ಕತ್ತಿಯಲ್ಲಿ ನನ್ನ ಮೀಸೆ ಕಾಣಿಸಿತು. ಬಹಳ ಹೆಮ್ಮೆಪಟ್ಟೆ.

ಮಾವ ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. "ರಕ್ತ ಎಲ್ಲೋಯ್ತು?"

"ಯಾವ ರಕ್ತ?"

"ನಮ್ ಮುತ್ತಾತ ಕಡ್ದವ್ರ ರಕ್ತ ಕಣಯ್ಯ! ನಡೂಮದ್ಯ ಇತ್ತಲ್ಲ! ನಾನೇಳಿದ್ದು ಇಡಿ ತಾವಿನ ತುಕ್ಕ!"

ಹಿಡಿಯ ಹತ್ತಿರದ್ದು ತುಕ್ಕು, ಅಲ್ಲಿಂದ ಒಂದು ಗೇಣು ಆಚೆಯದು ರಕ್ತ. ಊರಿನ ಕೂಸುಕುನ್ನಿಗೂ ಗೊತ್ತಿದ್ದ ವಿಷಯವಂತೆ. ಮೂರು ತಲೆಮಾರು ಜೋಪಾನ ಮಾಡಿದ ವೈರಿಯನ್ನು ನಾನು ಪಾತ್ರೆ ತಿಕ್ಕುವ ಬೂದಿಯಲ್ಲಿ ತಿಕ್ಕಿ ಮುಗಿಸಿದ್ದೆ. ಬುದ್ಧಿವಂತ ಅಲ್ಲವೇ, ಸುಮ್ಮನಿರಲಿಲ್ಲ. ಕಬ್ಬಿಣ, ನೀರು, ಗಾಳಿ ಎಂದು ಅವರಿಗೆ ಪಾಠ ಶುರುಮಾಡಿದೆ. ಅವರು ಕೇಳಿಸಿಕೊಂಡು ತೀರ್ಪು ಕೊಟ್ಟರು.

"ರಕ್ತ ಬರ್ಲಿ. ಆಮೇಕೆ ಮಗ್ಳು."

ಪೂಜೆಯ ದಿನವೂ ವಾದ ನಡೆಯಿತು. ನನ್ನ ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಮಾವ ಇಟ್ಟ ಕುಂಕುಮ ಎಣ್ಣೆಯ ಮೇಲೆ ನಿಲ್ಲದೆ ಜಾರಿಬಿತ್ತು. ಮಗುವನ್ನು ಎತ್ತಿಕೊಳ್ಳಲು ಹೋದೆ. ಗುರುತು ಸಿಗದೆ ಕಿಟಾರನೆ ಕಿರುಚಿಕೊಂಡಿತು. ಮಾರನೆಯ ದಿನ ಒಬ್ಬನೇ ಹೊರಡಲು ಚೀಲ ಕಟ್ಟಿಕೊಂಡು ಅಂಗಳಕ್ಕಿಳಿದೆ.

ದೇವರಮನೆಯಿಂದ ಮಾವ ಕೂಗಿದರು. "ಬಂದದೆ! ರಕ್ತ ಬಂದದೆ ಕಣ್ರಪ್ಪಾ!"

ಅಲಗಿನ ನಡುಮಧ್ಯೆ, ಅಂಗೈಯಗಲ, ಹೊಚ್ಚಹೊಸ ಕೆಂಪು ತುಕ್ಕು. ಮಾವ ಕಣ್ಣು ಒರೆಸಿಕೊಳ್ಳುತ್ತಿದ್ದರು. ತಾವೇ ಮಗುವನ್ನು ತಂದು ನನ್ನ ಕೈಗಿಟ್ಟರು. ಎಣ್ಣೆ ಸವರಿದ ಉಕ್ಕು ಒಂದೇ ದಿನದಲ್ಲಿ ಹೀಗೆ ತುಕ್ಕು ಹಿಡಿಯುವುದಿಲ್ಲ ಎಂದು ಪಾಠ ಮುಂದುವರಿಸಲು ಬಾಯಿ ತೆರೆದೆ. ಹೆಂಡತಿ ನನ್ನ ಕಾಲು ತುಳಿದಳು. ಅವಳ ಟ್ರಂಕು ಆಗಲೇ ಬಾಗಿಲಲ್ಲಿತ್ತು.

ಬಸ್ಸು ಮಂಡ್ಯ ದಾಟಿದ ಮೇಲೆ, ರಕ್ತ ಬಂದದ್ದು ಹೇಗೆಂದು ಅವಳನ್ನು ಕೇಳಿದೆ.

"ಉಪ್ಪು, ಉಳಿ ಮಜ್ಜಿಗೆ," ಎಂದಳು. "ಅದ್ಕೂ ಮುಂಚೆ ಸೀಗೇಕಾಯಾಕಿ ನಿಮ್ ಎಣ್ಣೆ ತಗ್ಯಕ್ಕೇ ಸಾಕುಸಾಕಾಯ್ತು. ಒಂದಿನನಾದ್ರೂ ಬಂದು, ನೀನು ಬತ್ತೀಯಾ ಅಂತ ನನ್ನ ಕೇಳುದ್ರಾ? ಅಪ್ಪನ್ ಕುಟ್ಟೆ ವಾದ ಗೆಲ್ಲೋದ್ರಲ್ಲೇ ಇದ್ರಿ."