ಚಿಕ್ಕತಾಯಮ್ಮನ ತಣ್ಣೀರಿನ ಕೆಲಸ

ಚಿಕ್ಕತಾಯಮ್ಮ ಯಾರದೇ ಮುಖ ನೋಡುವ ಮೊದಲು ತಲೆ ನೋಡುತ್ತಿದ್ದರು. ಕೂದಲಿಗೆ ಎಣ್ಣೆ ಹಚ್ಚಿಕೊಂಡು ಬಂದವರಿಗೆ ನಮ್ಮ ಲ್ಯಾಬಿನೊಳಗೆ ಪ್ರವೇಶವಿರಲಿಲ್ಲ. ಅದು ಕಾಲೇಜಿನ ನಿಯಮವಲ್ಲ, ಅವರದು.

ರಾಮನಗರದ ಆ ಕಾಲೇಜಿನಲ್ಲಿ ಪಿಎಚ್.ಡಿ. ಎಂಬ ಹೆಸರಿನಲ್ಲಿ ನಾನು ಆರು ವರ್ಷ ಮಾಡಿದ ಘನಕಾರ್ಯವೆಂದರೆ ನೀರಿನ ಮೇಲೆ ತುಕ್ಕು ತೇಲಿಸಿದ್ದು. ಕಬ್ಬಿಣದ ಆಕ್ಸೈಡಿನ ನ್ಯಾನೊ ಕಣಗಳು ಎಂದರೆ ಮರ್ಯಾದೆ ಹೆಚ್ಚು, ತುಕ್ಕು ಎಂದರೆ ಸುಳ್ಳೇನಲ್ಲ. ಕಣ್ಣಿಗೆ ಕಾಣದ ಆ ಕಣಗಳನ್ನು ಬಿಳಿಯ ಪುಟ್ಟ ತೊಟ್ಟಿಯ ನೀರಿನ ಮೇಲೆ ಹನಿಹನಿಯಾಗಿ ಬಿಟ್ಟು, ಎರಡೂ ಕಡೆಯ ಪಟ್ಟಿಗಳನ್ನು ಮೆಲ್ಲಗೆ ಒಳಕ್ಕೆ ತಳ್ಳಿದರೆ, ಗಾಳಿಗೂ ನೀರಿಗೂ ನಡುವೆ ಒಂದೇ ಕಣದಷ್ಟು ದಪ್ಪದ ಪೊರೆ ಕಟ್ಟುತ್ತದೆ. ಅದನ್ನು ಹರಿಯದಂತೆ ಗಾಜಿನ ಮೇಲೆ ಎತ್ತಿಕೊಳ್ಳಬೇಕು. ನೀರಿಗೆ ಒಂದಿಷ್ಟು ಜಿಡ್ಡು ಸೋಕಿದರೂ ಪೊರೆ ಕೆಟ್ಟಿತು. ಆ ತೊಟ್ಟಿ ತೊಳೆಯುವುದು ಹೊರಗುತ್ತಿಗೆಯ ಅಟೆಂಡರ್ ಚಿಕ್ಕತಾಯಮ್ಮನವರ ಕೆಲಸ.

“ನಮ್ಮಪ್ಪ ನೇಗಿಲ ಕುಳದ ತುಕ್ಕು ಉಜ್ಜಿ ಉಜ್ಜಿ ಸವುದ್‌ಬುಟ್ಟ. ಅದ್ನೇ ಗಾಜಿಗ್ ಮೆತ್ತಕ್ಕೆ ನೀವು ಇಷ್ಟೊರ್ಸ ಓದ್ಬೇಕಾ?” ಎಂದು ಕೇಳುತ್ತಿದ್ದರು.

ಚನ್ನಪಟ್ಟಣದ ಒಂದು ರೇಷ್ಮೆ ಘಟಕದಲ್ಲಿ ಇಪ್ಪತ್ತು ವರ್ಷ ಬಿಸಿನೀರಿನ ತೊಟ್ಟಿಯಲ್ಲಿ ಕೈಯಾಡಿಸಿ ಗೂಡಿನ ನೂಲು ಬಿಚ್ಚಿದವರು ಅವರು. ಬೆರಳುಗಳ ಚರ್ಮ ಬೆಂದು ಬಿರಿದಿತ್ತು. ಇನ್ನು ಬಿಸಿನೀರು ಮುಟ್ಟಿದರೆ ಕೈಯೇ ಹೋಗುತ್ತದೆ ಎಂದು ಡಾಕ್ಟರು ಹೆದರಿಸಿದ್ದರು. “ತಣ್ಣೀರ್ ಕೆಲ್ಸ ಅಂತ ಬಂದೆ ಕಣಪ್ಪ. ಇಲ್ದಿದ್ರೆ ನಿಮ್ಮಂತೋರ ಜೊತೆ ಯಾರ್ ಏಗ್ತಾರೆ?” ಎನ್ನುತ್ತಿದ್ದರು. ತೊಟ್ಟಿ ತುಂಬಿದ ಮೇಲೆ ಬಗ್ಗಿ, ಒಂದು ಕಣ್ಣು ಮುಚ್ಚಿ, ನೀರಿನಲ್ಲಿ ಬಿದ್ದ ಟ್ಯೂಬ್‌ಲೈಟಿನ ಬೆಳಕು ನೋಡಿ “ಐತೆ ಕೊಳೆ” ಎಂದರೆ ಐತೆ. ನಮ್ಮ ದುಬಾರಿ ಯಂತ್ರ ಅರ್ಧ ಗಂಟೆ ತಿಣುಕಿ ಅದನ್ನೇ ಹೇಳುತ್ತಿತ್ತು.

ಒಮ್ಮೆ ತಪಾಸಣಾ ಸಮಿತಿಯೊಂದು ಬಂತು. ಅಧ್ಯಕ್ಷರು ಘಮಘಮ ಎನ್ನುವ ತಲೆಯನ್ನು ತೊಟ್ಟಿಯ ಮೇಲೆ ಬಗ್ಗಿಸಿದರು. “ಸಾ, ಒಸಿ ಹಿಂದಕ್ ಬನ್ನಿ. ನಿಮ್ ಎಣ್ಣೆ ಬಿದ್ರೆ ಇವ್ರು ಒಂದ್ ವಾರ ಅಳ್ತಾರೆ” ಎಂದರು ಚಿಕ್ಕತಾಯಮ್ಮ. ನನ್ನ ಪಿಎಚ್.ಡಿ. ಗೈಡ್ ಮುಖ ಹರಳೆಣ್ಣೆ ಕುಡಿದಂತಾಯಿತು. ಅವರು ಅದನ್ನು ಮರೆಯಲಿಲ್ಲ.

ಆಯುಧಪೂಜೆಗೆ ತೊಟ್ಟಿಗೂ ಕುಂಕುಮ ಹಚ್ಚಬೇಕು ಎಂದು ಗೈಡ್ ಹಟ ಹಿಡಿದರು. ನ್ಯಾನೊ ವಿಜ್ಞಾನಿಗೆ ತನ್ನ ವಿಜ್ಞಾನದ ಮೇಲೆ ಅಷ್ಟು ನಂಬಿಕೆ. “ದ್ಯಾವ್ರು ಬಾಗ್ಲಲ್ಲೇ ಇರ್ಲಿ ಸಾ, ಒಳಿಕ್ ಬ್ಯಾಡ” ಎಂದು ಚಿಕ್ಕತಾಯಮ್ಮ ಪೂಜೆಯನ್ನು ಹೊಸ್ತಿಲಾಚೆಗೇ ಮುಗಿಸಿದರು. ಉಳಿದ ಕರ್ಪೂರದ ಪೊಟ್ಟಣವನ್ನು ಬಿಸಾಡಬಾರದು ಎಂದು, ತೊಳೆದ ತೊಟ್ಟಿ ಮತ್ತು ಗಾಜುಗಳನ್ನು ಇಡುವ ಬೀರುವಿನಲ್ಲಿ ಇಟ್ಟ ಮಹಾನುಭಾವ ನಾನು. ಕರ್ಪೂರ ತಾನಾಗಿಯೇ ಆವಿಯಾಗಿ ಸಿಕ್ಕ ಸಿಕ್ಕಲ್ಲಿ ಕೂರುತ್ತದೆ, ನೀರಿನ ಮೈ ಕೆಡಿಸುತ್ತದೆ ಎಂದು ಹೈಸ್ಕೂಲು ಮಕ್ಕಳಿಗೂ ಗೊತ್ತು. ನನಗೆ ಹೊಳೆಯಲಿಲ್ಲ. ಲ್ಯಾಬಿನ ರಾಸಾಯನಿಕಗಳ ಘಾಟಿನಲ್ಲಿ ಅದರ ವಾಸನೆ ಯಾರ ಮೂಗಿಗೂ ಬೀಳಲಿಲ್ಲ.

ಮೂರು ವಾರ ಒಂದು ಪೊರೆಯೂ ನಿಲ್ಲಲಿಲ್ಲ. ಚಿಕ್ಕತಾಯಮ್ಮ ದಿನಕ್ಕೆ ಐದು ಸಲ ತೊಳೆದರು, ಬಗ್ಗಿ ನೋಡಿದರು, “ಐತೆ, ಎಲ್ಲಿಂದ ಅಂತ ಗೊತ್ತಾಯ್ತಿಲ್ಲ” ಎಂದರು. ಕೊನೆಗೆ ಒಂದು ಬೆಳಿಗ್ಗೆ, ಬೀರುವಿನ ಮೂಲೆಯಲ್ಲಿ ಅರ್ಧ ಕರಗಿದ ಆ ಪೊಟ್ಟಣ ನನ್ನ ಕೈಗೆ ಸಿಕ್ಕಿತು. ಪ್ಯಾಂಟಿನ ಜೇಬಿಗೆ ತುರುಕಿಕೊಂಡೆ. ಅಷ್ಟರಲ್ಲಿ ಗೈಡ್ ನನ್ನನ್ನೂ ಚಿಕ್ಕತಾಯಮ್ಮನವರನ್ನೂ ತಮ್ಮ ಕೋಣೆಗೆ ಕರೆಸಿದರು.

“ತೊಟ್ಟಿ ತೊಳೆಯೋಕೂ ಬರಲ್ವಾ? ನಾಳೆಯಿಂದ ಬರಬೇಡಿ” ಎಂದರು ಅವರಿಗೆ. ನನ್ನ ಪ್ರಬಂಧಕ್ಕೆ ಗೈಡ್ ಸಹಿ ಆಗಬೇಕಿತ್ತು. ನಾನು ನೆಲ ನೋಡುತ್ತಾ ನಿಂತೆ. ಚಿಕ್ಕತಾಯಮ್ಮ ಒಂದು ಸಲ ನನ್ನ ಕಡೆ ತಿರುಗಿದರು, ಆಮೇಲೆ ಹೊರಟುಹೋದರು. ಮಾರನೆಯ ವಾರ ಪೊರೆ ಚೆನ್ನಾಗಿ ಬಂತು. ಹೊಸ ಅಟೆಂಡರ್ ಕೈಗುಣ ಎಂದು ಗೈಡ್ ಹೊಗಳಿದರು. ನಾನು ಹಲ್ಲು ಕಿರಿದೆ. ಥೂ, ನನ್ನ ಜನ್ಮಕ್ಕೆ.

ಡಾಕ್ಟರೇಟ್ ಬಂದ ಮೇಲೆ ಧೈರ್ಯವೂ ಬಂತು. ಒಂದು ಮಧ್ಯಾಹ್ನ ಚನ್ನಪಟ್ಟಣಕ್ಕೆ ಹೋಗಿ ವಿಚಾರಿಸಿದೆ. ಚಿಕ್ಕತಾಯಮ್ಮ ಹಳೆಯ ಘಟಕದಲ್ಲೇ ಇದ್ದರು. ಹಬೆಯ ನಡುವೆ, ಬೆರಳಿಗೆ ಬಟ್ಟೆ ಸುತ್ತಿಕೊಂಡು, ಬಿಸಿನೀರಿನಲ್ಲಿ ಗೂಡು ಆಡಿಸುತ್ತಿದ್ದರು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ತಪ್ಪೊಪ್ಪಿಗೆಯನ್ನು ತೊದಲುತ್ತಾ ಒಪ್ಪಿಸಿದೆ.

ಅವರು ಕೈ ನಿಲ್ಲಿಸಲಿಲ್ಲ.

“ಗೊತ್ತಿತ್ತು ಕಣಪ್ಪ. ಅವತ್ತು ನನ್ ಪಕ್ಕದಲ್ಲಿ ನಿಂತಿದ್ದಲ್ಲ, ನಿನ್ ಜೇಬಿಂದ ಘಮ್ಮಂತಿತ್ತು. ನಾನ್ ಯೋಳುದ್ರೆ ಚಾಡಿ ಆಯ್ತದೆ, ನೀನೇ ಯೋಳ್ತೀಯ ಅಂತ ಸುಮ್ಕೆ ನಿಂತಿದ್ದೆ.”