ನಾಸಿಕದ ಮೊದಲ ಮನೆ, ಎರಡನೆಯ ರಿಟರ್ನ್

ಓಝರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ನಾಸಿಕಕ್ಕೆ ಬಂದ ವಾರವದು. ಮೆಟ್ಟಿಲ ಮೇಲೆ ನಿಂತು, “ಮನಿ ಬಿಟ್ಟು ಬಂದು ಜೀವಕ್ಕ ಸಮಾಧಾನಿಲ್ಲ” ಎಂದು ಫೋನಿನಲ್ಲಿ ಅಳುತ್ತಿದ್ದೆ. ಕೆಳಗಿನ ಮನೆಯ ಶಾಲಿನಿತಾಯಿ ಬಟ್ಟಲಲ್ಲಿ ಹಾಲು ಹಿಡಿದು ಬಂದರು. “ಮನಿ ಕುಠೆ ಆಹೆ?” ಮನಿ ಎಲ್ಲಿ ಅಂತ. ಮರಾಠಿ ಮನೆಗಳಲ್ಲಿ ಮನಿ ಎಂದರೆ ಮುದ್ದಿನ ಬೆಕ್ಕಿನ ಹೆಸರು! ಬೆಕ್ಕಿಲ್ಲವೆಂದು ತಿಳಿದ ಮೇಲೆ ಆ ಹಾಲಿನಲ್ಲೇ ನನಗೆ ಚಹಾ ಮಾಡಿಕೊಟ್ಟರು.

ನಮ್ಮ ಗದಗಿನಲ್ಲಿ ಜೋಳದ ರೊಟ್ಟಿ ಕಟಕ್ಕೆಂದು ಮುರಿಯಬೇಕು. ಇಲ್ಲಿ ಅದು ಭಾಕರಿ, ದಪ್ಪ, ಮೆತ್ತಗೆ. ಅಲ್ಲಿ ಚಳಿಗೆ ಒಂದು ಶಾಲು ಸಾಕು. ಇಲ್ಲಿ ದಿಂಡೋರಿಯ ದ್ರಾಕ್ಷಿತೋಟ ದಾಟಿ ಬರುವ ಗಾಳಿಗೆ ಹಲ್ಲು ಕಟಕಟ ಅನ್ನುತ್ತವೆ. ಬರಬರುತ್ತ ಬಾಯಿಗೆ ಮರಾಠಿ ಕೂತಿತು. ತರಕಾರಿಯವಳು ನನ್ನನ್ನು ಸೋಲಾಪುರದ ಮರಾಠಿಯವಳೆಂದುಕೊಂಡ ದಿನ ಗೆದ್ದಷ್ಟು ಖುಷಿಯಾಯಿತು. ಕೆಲವು ವರ್ಷ ಬಾಡಿಗೆಗಿದ್ದ ಫ್ಲ್ಯಾಟನ್ನೇ ಬ್ಯಾಂಕಿನ ಸಾಲ ಮಾಡಿ ಕೊಂಡೆ.

ಮೊದಲ ಸಲ ಮನೆ ಕೊಳ್ಳುವವರಿಗೆ ಆ ವರ್ಷ ಆದಾಯ ತೆರಿಗೆಯಲ್ಲಿ ಹೊಸ ರಿಯಾಯಿತಿ ಬಂದಿತ್ತು. ನನಗದು ಗೊತ್ತಾದದ್ದು ರಿಟರ್ನ್ ಸಲ್ಲಿಸಿದ ಮೇಲೆ. ತೆರಿಗೆಯ ಲೆಕ್ಕಪತ್ರ ಮಾಡಿಕೊಡುವುದೇ ಶಾಲಿನಿತಾಯಿಯ ಉದ್ಯೋಗ. “ಹರಕತ್ ನಾಹೀ, ಪುನ್ಹಾ ಭರೂ” ಎಂದರು. ಪರವಾಗಿಲ್ಲ, ತಿದ್ದಿ ಮತ್ತೆ ಸಲ್ಲಿಸೋಣ. ಆಮೇಲೆ ಕನ್ನಡಕದ ಮೇಲಿಂದ ನೋಡಿ ಕೇಳಿದರು: “ಊರಲ್ಲಿ ನಿಮ್ಮ ಹೆಸರಿಗೆ ಮನೆ ಇಲ್ಲ ತಾನೆ? ಇದ್ದರೆ ಇದು ಸಿಗುವುದಿಲ್ಲ.”

ನನಗೇ ಗೊತ್ತಿರಲಿಲ್ಲ. ಗದಗಿಗೆ ಫೋನು ಮಾಡಿದೆ.

“ಅಣ್ಣಾ, ನಮ್ಮ ಮನಿ ಕಾಗದದಾಗ ನನ್ನ ಹೆಸರು ಐತೇನು?”

ಹಿಂದಿನಿಂದ ಅಣ್ಣನ ಹೆಂಡತಿ, ನಮ್ಮ ವೈನಿ, “ಏನಂತ?” ಎಂದದ್ದು ಕೇಳಿಸಿತು. ಅಣ್ಣ ಮೆಲ್ಲಗೆ ಕೇಳಿದ: “ಯಾಕವಾ, ಪಾಲು ಬೇಕಾಗಿತ್ತೇನು?”

ಅಪ್ಪ ಹೋದ ಮೇಲೆ ಆ ಮನೆಯ ಸೋರುವ ಮಾಳಿಗೆ ದುರಸ್ತಿ ಮಾಡಿಸಿದವನು ಅವನು. ನಾನು ಅವಸರವಾಗಿ ಕೂಗಿದೆ: “ಪಾಲಲ್ಲೋ ಮಾರಾಯಾ! ನನ್ನ ಹೆಸರಿಗೆ ಏನೂ ಇಲ್ಲ ಅಂದ್ರ ಟ್ಯಾಕ್ಸ್ ಕಡಿಮಿ ಆಗ್ತೈತಿ!”

ಅವನು ನಕ್ಕ ನಗು ನಾಸಿಕದವರೆಗೂ ಫೋನಿಲ್ಲದೆ ಕೇಳಿಸುವಂತಿತ್ತು. “ಏನಂದ್ರ ಏನೂ ಇಲ್ಲ! ಅಪ್ಪ ಎಲ್ಲಾ ಅವ್ವನ ಹೆಸರಿಗೆ ಬರದಾನ!”

ಅಷ್ಟರಲ್ಲಿ ಅವ್ವ ಫೋನು ಕಸಿದುಕೊಂಡಳು. “ನಿನಗ ಮನಿ ಇಲ್ಲಂತ ಯಾಂವ ಹೇಳಿದಾಂವ? ಫೋನ್ ಕೊಡು ಅವನ ಕೈಯಾಗ!”

“ಸರಕಾರಕ್ಕ ಹೇಳಬೇಕಬೇ.”

“ಸರಕಾರಕ್ಕ ಹಂಗ ಹೇಳು. ಮಂದಿ ಮುಂದ ಹೇಳಬ್ಯಾಡ.”

ಹೊಸ ರಿಟರ್ನ್ ಹೋಯಿತು. ಕೆಲವು ತಿಂಗಳಿಗೆ ರಿಫಂಡ್ ಬಂತು. ಅದರಲ್ಲಿ ಬಾಲ್ಕನಿಗೆ ಕಬ್ಬಿಣದ ಕಟಾಂಜನ ಹಾಕಿಸಿದೆ, ಅವ್ವನನ್ನು ಕರೆಸಿಕೊಂಡೆ. ಬಂದವಳೇ ನನ್ನ ಡಬ್ಬಿಗಳ ಜಾಗವನ್ನೆಲ್ಲ ಬದಲಿಸಿದಳು. ಭಾಷೆ ಬಾರದೆಯೂ ಶಾಲಿನಿತಾಯಿಯ ಜೊತೆ ಹರಟಿದಳು. ಕುಂಡದಲ್ಲಿ ಕರಿಬೇವಿನ ಸಸಿ ಹಚ್ಚಿದಳು. ಹದಿನೈದು ದಿನಕ್ಕೆಂದು ಬಂದವಳು ಮಳೆಗಾಲ ಕಳೆದರೂ ಹೊರಡಲಿಲ್ಲ.

ಒಂದು ಸಂಜೆ ಅಣ್ಣ ಫೋನಿನಲ್ಲಿ ಅವ್ವನನ್ನು, ಯಾವಾಗ ಬರುತ್ತೀ ಎಂದು ಕೇಳಿದ. “ಕರಿಬೇವು ಈಗರ ಚಿಗಿಯಾಕತ್ತೈತಿ. ಬಿಟ್ಟು ಹೆಂಗ ಬರ್ಲಿ?” ಎಂದಳು ಅವ್ವ.

ನನಗೆ ಕುಣಿಯುವಷ್ಟು ಸಂತೋಷ. ಆದರೂ ಅವಳ ಕೈಯಿಂದ ಫೋನು ಇಸಿದುಕೊಂಡು ನಾನು ಮೊದಲು ಕೇಳಿದ್ದು, “ಅಣ್ಣಾ, ನಮ್ಮ ಹಿತ್ತಲದಾಗ ಅವ್ವ ಹಚ್ಚಿದ ಗಿಡಕ್ಕ ಈಗ ನೀರು ಯಾರು ಹಾಕತಾರ?” ಎಂದು.