ಬಾಯಿಗೆ ಬಾರದ ಹೆಸರು

ಶಿವರುದ್ರಮ್ಮನವರು ಬೆಳಿಗ್ಗೆ ಎದ್ದು ಮುಖ ತೊಳೆದು ಹಣೆಗೆ ವಿಭೂತಿ ಹಚ್ಚಿಕೊಂಡರೆ ನೇರವಾಗಿ ಬೀಸುವ ಕಲ್ಲಿನ ಹತ್ತಿರ ಹೋಗುತ್ತಿದ್ದರು. ಒಂದು ಹಿಡಿ ರಾಗಿ ಹಾಕಿ, ಗೂಟ ಹಿಡಿದು ಕಲ್ಲನ್ನು ಸ್ವಲ್ಪ ಹೊತ್ತು ತಿರುಗಿಸಿ, ಉದುರಿದ ಹಿಟ್ಟನ್ನು ಬೆರಳ ತುದಿಯಲ್ಲಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಕಸ, ಕೊಟ್ಟಿಗೆ, ಒಲೆ ಎಲ್ಲ ಆಮೇಲೆ. ಊರಿಗೆ ಕರೆಂಟು ಬಂದು, ರಸ್ತೆಯಲ್ಲಿ ಹಿಟ್ಟಿನ ಮಿಲ್ಲು ಆಗಿ, ಎಲ್ಲರ ಮನೆಯ ಕಲ್ಲುಗಳೂ ಹಿತ್ತಿಲು ಸೇರಿದ ಮೇಲೂ ಇದು ತಪ್ಪಲಿಲ್ಲ. ಜ್ವರ ಬಂದ ದಿನ ಗೋಡೆ ಹಿಡಿದುಕೊಂಡಾದರೂ ಹೋಗಿ ಬರುತ್ತಿದ್ದರು.

"ಅತ್ತೆಮ್ಮ ಕೂರ್ತಿದ್ದ ಜಾಗ ಅದು. ದಿನಕ್ಕೊಂದ್ಸಲ ಮಾತಾಡಿಸ್ದೆ ಇದ್ರೆ ಹೆಂಗೆ?" ಎಂದು ಕೇಳಿದವರಿಗೆ ಹೇಳುತ್ತಿದ್ದರು.

ಅವರ ಊರು ಹುತ್ರಿದುರ್ಗದ ಬೆಟ್ಟದ ಕೆಳಗೆ. ತವರು ಗುಬ್ಬಿಯ ಕಡೆ. ಇನ್ನೂ ಲಂಗ ಉಡುವ ವಯಸ್ಸಿನಲ್ಲಿ ಮದುವೆಯಾಗಿ ಬಂದ ಹುಡುಗಿಗೆ ತಲೆ ಬಾಚಿದ್ದು, ಮುದ್ದೆ ತೊಳಸುವುದನ್ನು ಕಲಿಸಿದ್ದು, ತವರಿನ ನೆನಪಾಗಿ ಅತ್ತಾಗ ಮಗ್ಗುಲಲ್ಲಿ ಮಲಗಿಸಿಕೊಂಡದ್ದು ಎಲ್ಲ ಅತ್ತೆಯೇ. ಮುಂದೆ ಹೆತ್ತ ಕೂಸುಗಳು ಒಂದರ ಹಿಂದೆ ಒಂದು ಉಳಿಯದೆ ಹೋದಾಗ ನೆರೆಯವರು ಏನೇನೋ ಆಡಿದರು. ಅತ್ತೆ ಮಾತ್ರ ಒಂದು ಬಿರುನುಡಿ ಆಡಲಿಲ್ಲ. ತಾವು ಹಾಸಿಗೆ ಹಿಡಿದ ಕಾಲಕ್ಕೆ ಸೊಸೆ ಮತ್ತೆ ಬಸುರಿ. "ನಾನೆಲ್ಲಿಗೂ ಹೋಗಲ್ಲ ಕಣವ್ವ, ನಿನ್ನ ಮಡ್ಲಿಗೇ ಬತ್ತೀನಿ ಬುಡು" ಎಂದು ಹೇಳಿ ಕಣ್ಣು ಮುಚ್ಚಿದರು. ಕೆಲವೇ ತಿಂಗಳಲ್ಲಿ ಹೆಣ್ಣುಮಗು ಹುಟ್ಟಿತು, ಉಳಿಯಿತು. ತೊಟ್ಟಿಲು ಶಾಸ್ತ್ರದಲ್ಲಿ ಅದರ ಸೋದರತ್ತೆ ಮಗುವಿನ ಕಿವಿಯಲ್ಲಿ ಅಜ್ಜಿಯ ಹೆಸರನ್ನೇ ಹೇಳಿದಳು.

ಅಜ್ಜಿಯ ಹೆಸರು ದೊಡ್ಡಗಂಗಮ್ಮ. ಇದನ್ನು ನಾನು ತಿಳಿದದ್ದು ಬೇರೆಯವರ ಬಾಯಿಂದ. ನಮ್ಮ ಕಡೆ ಸೊಸೆಯಾದವಳು ಗಂಡನ ಹೆಸರು ಹೇಳುವಂತಿಲ್ಲ, ಅತ್ತೆ ಮಾವಂದಿರ ಹೆಸರನ್ನೂ ಹೇಳುವಂತಿಲ್ಲ. ಈಗ ಹಲವರು ಇದನ್ನು ಬಿಟ್ಟಿದ್ದಾರೆ. ಶಿವರುದ್ರಮ್ಮ ಮಾತ್ರ ಅತ್ತೆಯ ಹೆಸರಿನ ತುಣುಕನ್ನೂ ನಾಲಿಗೆಗೆ ತರುತ್ತಿರಲಿಲ್ಲ. ಊರಿನ ಹೆಂಗಸರು ಗಂಗೆಪೂಜೆಗೆ ಹೊರಟರೆ ಇವರು "ಬಾವಿ ಪೂಜೆ" ಅನ್ನುತ್ತಿದ್ದರು. ಸಿದ್ಧಗಂಗೆಗೆ ಹೋಗಿ ಬಂದರೆ "ಮಠಕ್ಕೆ ಹೋಗಿದ್ದೆ" ಎಂದಷ್ಟೇ ಹೇಳುತ್ತಿದ್ದರು. ಇನ್ನು ಮಗಳನ್ನು ಏನೆಂದು ಕರೆಯುವುದು? "ಬಾ ಅತ್ತೆಮ್ಮ, ತಲೆ ಬಾಚ್ತೀನಿ." "ಉಣ್ಣು ಅತ್ತೆಮ್ಮ, ಆರೋಗ್ತದೆ." ಆ ಮನೆಯಲ್ಲಿ ತಾಯಿ ಮಗಳನ್ನು ಕರೆದದ್ದು ಹಾಗೆ. ಕೇಳಿದವರು ಯಾರೂ ನಗಲಿಲ್ಲ, ಎಲ್ಲರಿಗೂ ಕಾರಣ ಗೊತ್ತಿತ್ತು.

ಮಗಳಿಗೆ ಬುದ್ಧಿ ತಿಳಿಯುವ ಮೊದಲೇ ಶಿವರುದ್ರಮ್ಮನವರ ಗಂಡ ತೀರಿಕೊಂಡರು. ಮೈದುನ ಕದರಯ್ಯ ಹೊಲ ಮನೆ ನೋಡಿಕೊಳ್ಳುತ್ತಿದ್ದ. ಮಗುವನ್ನು ಸ್ಕೂಲಿಗೆ ಸೇರಿಸುವ ದಿನ ಅವನು ಕೊಬ್ಬರಿ ಹೇರಿಕೊಂಡು ಹೋಗಿದ್ದರಿಂದ ತಾಯಿಯೇ ಕೈ ಹಿಡಿದು ಕರೆದುಕೊಂಡು ಹೋದರು. ಮೇಷ್ಟ್ರು ಹೊಸಬರು, ಪೇಟೆಯ ಕಡೆಯವರು. ಮುಂದೆ ಅಷ್ಟುದ್ದ ಮಕ್ಕಳ ಸಾಲು.

"ಮಗು ಹೆಸರೇನಮ್ಮ?"

"ನಮ್ಮ ಅತ್ತೆಮ್ಮಂದೇ ಸಾಮಿ."

"ಅತ್ತೆಮ್ಮ ಅಂತಲೇ?"

"ಊಂ ಸಾಮಿ. ಅವರ್ದೇ."

ಮೇಷ್ಟ್ರು 'ಅತ್ತೆಮ್ಮ' ಎಂದು ಬರೆದುಕೊಂಡರು. ಓದು ಬಾರದ ತಾಯಿ ಅದರ ಕೆಳಗೆ ಹೆಬ್ಬೆಟ್ಟು ಒತ್ತಿದರು. ಅತ್ತೆಯ ಹೆಸರು ಪುಸ್ತಕದಲ್ಲಿ ಸೇರಿತಲ್ಲ ಎಂಬ ಸಂತೋಷದಲ್ಲಿ ಮನೆಗೆ ಬಂದು ಪಾಯಸ ಮಾಡಿದರು.

ತರಗತಿ ತರಗತಿ ದಾಟಿ ಹೋದಂತೆ ಹೆಸರೂ ಜೊತೆಯಲ್ಲೇ ಹೋಯಿತು. ಹಾಜರಿ ಕೂಗಿದಾಗಲೆಲ್ಲ ಹುಡುಗರ ಸಾಲಿನಲ್ಲಿ ಗುಸುಗುಸು. "ಏನ್ಲಾ, ನಿಮ್ಮತ್ತೆ ಬಂದ್ಲು, ಎದ್ದು ನಿಂತ್ಕೊಳ್ಳೋ." "ಅತ್ತೇ, ಮಗಳ್ನ ಯಾವಾಗ ಕೊಡ್ತೀರಾ?" ಹುಡುಗಿ ಗಟ್ಟಿಗಿತ್ತಿ. "ನಿನ್ನ ಮೂತಿಗೆ ನನ್ನ ಮಗಳು ಬೇರೆ ಕೇಡು" ಎಂದು ಅಲ್ಲೇ ತಿರುಗಿಸಿ ಕೊಡುತ್ತಿದ್ದಳು. ಮನೆಗೆ ಬಂದು ಮಾತ್ರ ಇದನ್ನು ಹೇಳುತ್ತಿರಲಿಲ್ಲ. ಎಸ್.ಎಸ್.ಎಲ್.ಸಿ. ಮುಗಿಯಿತು. ಅಂಕಪಟ್ಟಿಯಲ್ಲೂ ಅದೇ ಹೆಸರು. ಮೇಷ್ಟರ ತರಬೇತಿಗೆ ತುಮಕೂರಿನಲ್ಲಿ ಸೀಟು ಸಿಕ್ಕಿತು.

ಎಪ್ಪತ್ತೆಂಟರಲ್ಲಿ ಪಾಠ ಮಾಡುವ ಅಭ್ಯಾಸಕ್ಕೆಂದು ಅವಳನ್ನು ಗುಬ್ಬಿಯ ಕಡೆಯ ಒಂದು ಸ್ಕೂಲಿಗೆ ಕಳಿಸಿದರು. ಮೊದಲ ದಿನ ಹಲಗೆಯ ಮೇಲೆ ತನ್ನ ಹೆಸರು ಬರೆದಳು. ಹಿಂದಿನ ಸಾಲಿನಿಂದ ಒಂದು ಮಗು ಮುಗ್ಧವಾಗಿಯೇ ಕೇಳಿತಂತೆ: "ಅತ್ತೆ ಟೀಚರ್, ಮಾವ ಮೇಷ್ಟ್ರು ಯಾವಾಗ ಬತ್ತಾರೆ?" ತರಗತಿಯೆಲ್ಲ ನಕ್ಕಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಡ್‌ಮಾಸ್ಟರೂ ನಕ್ಕುಬಿಟ್ಟರು. ಹುಡುಗರಿಗೆ ತಿರುಗಿಸಿ ಕೊಟ್ಟಂತೆ ಆ ಕೂಸಿಗೆ ಕೊಡಲು ಬಾಯಿ ಬರಲಿಲ್ಲ. ಹಲಗೆ ಒರೆಸಿ ಪಾಠ ಮುಗಿಸಿದಳು. ಆ ವಾರ ಊರಿಗೆ ಬಂದವಳು ಚೀಲವನ್ನೂ ಕೆಳಗಿಡದೆ ನಿಂತಳು.

"ಅವ್ವ, ಕೆಲಸದ ಆರ್ಡರ್ ಬರೋಕ್ಮುಂಚೆ ನನ್ನ ಹೆಸರು ಸರಿ ಆಗ್ಬೇಕು. ಒಂದ್ಸಲ ಸರ್ವಿಸ್ ರಿಜಿಸ್ಟರಿಗೆ ಹತ್ತಿದ್ರೆ ಮುಗೀತು, ಪೆನ್ಷನ್ ತಗೊಳ್ಳೋವರ್ಗೂ ನಾನು ಅತ್ತೆಮ್ಮನೇ."

"ಅದ್ರಾಗೆ ಏನವ್ವ ತಪ್ಪು? ನಾನು ಪಿರೂತಿಯಿಂದ ಕರೆಯೋ ಹೆಸ್ರು."

"ನೀನು ಪ್ರೀತಿಯಿಂದ ಕರೀತೀಯ. ಹೊರಗಿನೋರು ನಗೋಕೆ ಕರೀತಾರೆ. ನಾಳೆ ನನ್ನನ್ನ ಮದ್ವೆ ಮಾಡ್ಕೊಂಡೋನ ಮನೇಲಿ ಅತ್ತೆ ಅನ್ನೋಳು ನನ್ನ ಅತ್ತೆಮ್ಮ ಅಂತ ಕರೀಬೇಕಾ? ಅವತ್ತು ಆ ಮೇಷ್ಟ್ರಿಗೆ ಒಂದು ಮಾತು ಹೇಳಿದ್ರೆ ಆಗೋಗಿರದು."

"ಬಾಯಿ ಬರ್ಲಿಲ್ಲ ಕಣೇ."

"ಈಗ ಬರುತ್ತಾ?"

ಮಗಳು ಚೀಲ ಇಟ್ಟು ಕಾಲು ತೊಳೆಯಲು ಹೋದಳು.

ಇಬ್ಬರೂ ಕುಣಿಗಲ್‌ಗೆ ಬಂದು ವಕೀಲ ವೆಂಕಟೇಶಯ್ಯನವರನ್ನು ಕಂಡರು. ಅವರು ತಾಳ್ಮೆಯಿಂದ ವಿಷಯ ಬಿಡಿಸಿ ಹೇಳಿದರು. "ನೋಡಮ್ಮ, ಇವತ್ತಿನಿಂದ ನನ್ನ ಹೆಸರು ಇಂಥದ್ದು ಅಂತ ಬದಲಾಯಿಸಿಕೊಳ್ಳೋದು ಕಷ್ಟ ಇಲ್ಲ. ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ, ಪೇಪರಿನಲ್ಲಿ ಜಾಹೀರಾತು ಕೊಟ್ಟು, ಗೆಜೆಟ್‌ನಲ್ಲಿ ಹಾಕಿಸಬಹುದು. ಆದರೆ ನಿನ್ನ ಅಂಕಪಟ್ಟಿಯಲ್ಲಿ ಹಳೇ ಹೆಸರೇ ಉಳಿಯುತ್ತೆ. ಎಲ್ಲಿ ಹೋದರೂ 'ಅತ್ತೆಮ್ಮ ಉರುಫ್ ದೊಡ್ಡಗಂಗಮ್ಮ' ಅಂತ ಎರಡನ್ನೂ ಬರೀತಾ ಹೋಗಬೇಕು."

"ಆ ಉರುಫ್ ಬೇಡ ಸಾರ್" ಎಂದಳು ಮಗಳು.

"ಹಾಗಾದರೆ ಮುನ್ಸೀಫ್ ಕೋರ್ಟಿನಲ್ಲಿ ದಾವಾ ಹಾಕಬೇಕು. ಹುಟ್ಟಿದಾಗಿನಿಂದ ಇವಳ ಹೆಸರು ದೊಡ್ಡಗಂಗಮ್ಮ, ಸ್ಕೂಲಿನಲ್ಲಿ ತಪ್ಪಾಗಿ ಬರೆದಿದ್ದಾರೆ ಅಂತ ತೀರ್ಪು ಬಂದರೆ ಹಳೇ ದಾಖಲೆಯೇ ತಿದ್ದುತ್ತೆ. ನೀವು ತಂದ ಪಟೇಲರ ಜನನದ ಪುಸ್ತಕದ ನಕಲು ನೋಡಿದೆ. ಅದರಲ್ಲಿ 'ಹೆಣ್ಣು ಮಗು' ಅಂತ ಇದೆ ಅಷ್ಟೇ, ಹೆಸರಿಲ್ಲ. ತೊಟ್ಟಿಲಲ್ಲಿ ಇಟ್ಟ ಹೆಸರು ಏನು, ಸ್ಕೂಲಿನಲ್ಲಿ ತಪ್ಪು ಹೇಗಾಯಿತು, ಎರಡನ್ನೂ ಬಲ್ಲವರು ನೀವೇ ಶಿವರುದ್ರಮ್ಮ. ನೀವು ಬಂದು ಸಾಕ್ಷಿ ಹೇಳಿದರೆ ದಾವಾ ನಿಲ್ಲುತ್ತೆ. ಇಲ್ಲದಿದ್ದರೆ ಬಿದ್ದುಹೋಗುತ್ತೆ."

ಶಿವರುದ್ರಮ್ಮ ಸೆರಗಿನ ತುದಿ ಸುತ್ತುತ್ತ ಕೂತಿದ್ದರು. "ಹೇಳ್ಲೇಬೇಕಾ ಸಾಮಿ? ಕೂಗಿ?" ಎಂದು ಕೇಳಿದರು.

"ಕೂಗೋದು ಬೇಡ. ಕೇಳಿಸೋ ಹಾಗೆ ಹೇಳಿದರೆ ಸಾಕು."

ಕದರಯ್ಯ ವಿಷಯ ತಿಳಿದು ಮನೆಯಲ್ಲಿ ಎಗರಾಡಿದ. "ಏನತ್ಗೆ, ನಮ್ಮವ್ವನ ಹೆಸರನ್ನ ಕೋರ್ಟು ಕಚೇರಿಲಿ ಎಳೆದಾಡುಸ್ತೀರಾ? ಅವ್ವ ನಿಮ್ಮನ್ನ ಮಗಳಂಗೆ ಸಾಕ್ಲಿಲ್ವಾ?"

"ಸಾಕಿದ್ರು ಕಣಪ್ಪ. ಅದಕ್ಕೇ ಸಂಕ್ಟ."

"ನಾನಂತೂ ಬರಕಿಲ್ಲ. ಏನಾರ ಮಾಡ್ಕಳಿ."

ಅವನನ್ನು ತಪ್ಪು ಅನ್ನಲಾರೆ. ತಾಯಿಯ ಮೇಲಿನ ಅಭಿಮಾನ ಅವನದು. ಆದರೆ ತೊಟ್ಟಿಲು ಶಾಸ್ತ್ರ ನೋಡಿದ್ದವರಲ್ಲಿ ಹೆಸರಿಟ್ಟ ಅವನ ಅಕ್ಕ ಆಗಲೇ ತೀರಿಹೋಗಿದ್ದಳು, ಇವನು ಬರುವುದಿಲ್ಲ ಎಂದ. ಹೀಗಾಗಿ ಎಲ್ಲವೂ ಶಿವರುದ್ರಮ್ಮನವರ ನಾಲಿಗೆಯ ಮೇಲೆ ನಿಂತಿತು.

ವಿಚಾರಣೆಯ ಹಿಂದಿನ ಸೋಮವಾರ ಅವರು ಕುಣಿಗಲ್ ಕೆರೆಯ ಕಡೆಯ ದೇವಸ್ಥಾನಕ್ಕೆ ಬಂದಿದ್ದರು. ನನಗೂ ಅವರಿಗೂ ಪರಿಚಯ ಆ ದೇವಸ್ಥಾನದಲ್ಲಿ ಆಗಾಗ ಕಂಡು ಆದದ್ದು. ತೆಂಗಿನಕಾಯಿ, ಹೂವು ಕೊಟ್ಟರು. ಅರ್ಚಕರು ಎಲ್ಲರನ್ನೂ ಕೇಳುವಂತೆ "ಯಾರ ಹೆಸರಿಗೆ ಅರ್ಚನೆ?" ಎಂದರು. ಶಿವರುದ್ರಮ್ಮ ಬಾಯಿ ತೆರೆದರು. ತುಟಿ ಅಲುಗಿತು. ಹಿಂದೆ ನಿಂತವರು ಕಾಯುತ್ತಿದ್ದರು.

"ದೇವರ ಹೆಸರಿಗೇ ಮಾಡಿ ಸಾಮಿ" ಎಂದರು ಕೊನೆಗೆ.

ಹೊರಗೆ ಜಗುಲಿಯ ಮೇಲೆ ಕೂತಾಗ ನನಗೆ ಇಷ್ಟೆಲ್ಲ ಕಥೆ ಹೇಳಿದರು. "ಮಗು ಹುಟ್ಟಿದಾಗ್ಲಿಂದ ಅವಳ ಹೆಸರಿಗೆ ಅಂತ ಒಂದು ಅರ್ಚನೆ ಮಾಡ್ಸಿಲ್ಲ ಕಣಮ್ಮ. ದೇವರ ಮುಂದೇನೇ ಬರ್ದೆ ಇರೋದು ಜಡ್ಜಿ ಮುಂದೆ ಬಂದಾತಾ?" ಪ್ರಸಾದದ ಬಾಳೆಹಣ್ಣು ಅವರ ಕೈಯಲ್ಲಿ ಹಾಗೇ ಇತ್ತು. ಅವರೇ ಮತ್ತೆ ಹೇಳಿದರು: "ಹೆಸರು ಹೇಳ್ಬುಟ್ರೆ ಅತ್ತೆಮ್ಮ ಮುನಿಸ್ಕೊಳ್ಳಲ್ಲ, ಅದು ಗೊತ್ತು. ನನಗೇ ಭಯ. ಇಷ್ಟು ವರ್ಷ ಅವರಿಗೆ ಅಂತ ಕೊಟ್ಟಿದ್ದು ಇದೊಂದೇ. ಇದನ್ನೂ ಕಳ್ಕೊಂಡ್ರೆ ಅವರಿಗೆ ಕೊಡೋಕೆ ನನ್ನತ್ರ ಏನೈತೆ?"

ವಿಚಾರಣೆಯ ದಿನ ಅವರು ಕೇಳಿಕೊಂಡಿದ್ದರಿಂದ ನಾನೂ ಹೋಗಿದ್ದೆ. ಮಗಳು ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದಳು. ಸರ್ಕಾರದ ಪರ ವಕೀಲರು ತಮ್ಮದೇನೂ ತಕರಾರಿಲ್ಲ, ಸಾಕ್ಷಿ ಸರಿಯಾಗಿ ಬಂದರೆ ಸಾಕು ಎಂದರು. ಶಿವರುದ್ರಮ್ಮ ಕಟಕಟೆ ಹತ್ತುವ ಮುಂಚೆ ಚಪ್ಪಲಿ ಬಿಟ್ಟರು. ಗುಮಾಸ್ತರು ಪ್ರಮಾಣ ಹೇಳಿಕೊಟ್ಟರು. ದೇವರ ಹೆಸರಿನಲ್ಲಿ ಸತ್ಯ ಹೇಳುತ್ತೇನೆ ಎಂಬುದನ್ನು ಸ್ಪಷ್ಟವಾಗಿ ಹೇಳಿದರು. ಗಂಡನ ಹೆಸರನ್ನು ಕೇಳಲಿಲ್ಲ. ಹೆಂಗಸರು ಸಾಕ್ಷಿಗೆ ಬಂದಾಗ ಅದನ್ನು ಗುಮಾಸ್ತರೇ ಕಾಗದ ನೋಡಿ ಓದಿಕೊಳ್ಳುವುದು ಅಲ್ಲಿನ ರೂಢಿ.

ವೆಂಕಟೇಶಯ್ಯನವರು ಒಂದೊಂದಾಗಿ ಕೇಳುತ್ತ ಹೋದರು. ಮಗು ಹುಟ್ಟಿದ್ದು, ತೊಟ್ಟಿಲು ಶಾಸ್ತ್ರ, ಸ್ಕೂಲಿನ ದಿನ. "ನಮ್ಮ ಅತ್ತೆಮ್ಮಂದೇ ಸಾಮಿ ಅಂದೆ, ಅವರು ಅದನ್ನೇ ಬರ್ಕೊಂಡ್ರು" ಎಂದಾಗ ಹಿಂದೆ ಯಾರೋ ಕಿಸಕ್ಕೆಂದರು. ಮುನ್ಸೀಫರು ತಲೆ ಎತ್ತಿ ನೋಡಿದರು, ನಗು ನಿಂತಿತು.

"ಸರಿ ಅಮ್ಮ. ತೊಟ್ಟಿಲಲ್ಲಿ ನಿಮ್ಮ ಮಗಳಿಗೆ ಇಟ್ಟ ಹೆಸರು ಏನು?"

ಶಿವರುದ್ರಮ್ಮ ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ವಕೀಲರು ಮತ್ತೊಮ್ಮೆ ಕೇಳಿದರು. ಉತ್ತರ ಬರಲಿಲ್ಲ. ನನ್ನ ಪಕ್ಕದಲ್ಲಿ ಮಗಳು ತಲೆ ತಗ್ಗಿಸಿ, "ಬೇಡ ಬುಡವ್ವ, ಇಳ್ದು ಬಾ" ಎಂದು ತನ್ನಷ್ಟಕ್ಕೆ ಹೇಳಿಕೊಂಡದ್ದು ನನಗೆ ಮಾತ್ರ ಕೇಳಿಸಿತು.

ಮುನ್ಸೀಫರು ವಯಸ್ಸಾದವರು. ಪೆನ್ನು ಕೆಳಗಿಟ್ಟು ಮೆಲ್ಲಗೆ ಮಾತಾಡಿದರು. "ತಾಯಿ, ಹೆದರಬೇಡಿ. ನಮ್ಮ ಮನೆಯಲ್ಲೂ ಹೆಂಗಸರು ಹೀಗೇ. ನಿಮ್ಮ ಬಾಯಲ್ಲಿ ಆ ಹೆಸರು ಹೇಳಿಸೋದು ನನಗೂ ಇಷ್ಟ ಇಲ್ಲ. ವಕೀಲರು ಹೆಸರು ಹೇಳಲಿ. ನೀವು ಹೌದು ಅಂತ ಒಂದು ಮಾತು ಅನ್ನಿ, ನಾನು ಬರೆದುಕೊಳ್ಳುತ್ತೇನೆ. ಅಷ್ಟು ಸಾಕು."

ಸರ್ಕಾರದ ವಕೀಲರೂ ಆಗಬಹುದು ಎಂದು ತಲೆಯಾಡಿಸಿದರು. ವೆಂಕಟೇಶಯ್ಯನವರ ಮುಖ ಹಗುರಾಯಿತು. ಅವರು ಕಾಗದ ಎತ್ತಿಕೊಂಡು ಓದಲು ಬಾಯಿ ತೆರೆದರು.

"ತಡೀರಿ ಸಾಮಿ" ಎಂದು ಶಿವರುದ್ರಮ್ಮ ಕೈ ಅಡ್ಡ ಮಾಡಿದರು. ಆಮೇಲೆ ಮುನ್ಸೀಫರ ಕಡೆ ತಿರುಗಿ ಕೈ ಮುಗಿದರು.

"ಒಳ್ಳೇ ಮನ್ಸು ಬುದ್ಧಿ ನಿಮ್ದು. ಆದ್ರೆ ಅದು ಬ್ಯಾಡಿ. ಅವತ್ತು ಇಸ್ಕೂಲಲ್ಲೂ ನಾನು ಬರೀ ಊಂ ಅಂದಿದ್ದು, ಬರ್ಕೊಂಡಿದ್ದು ಬೇರೆಯೋರು. ಇವತ್ತೂ ಊಂ ಅಂತ ಇಳ್ದೋಗಲ್ಲ. ನನ್ನ ಮಗಳ ಹೆಸರು ದೊಡ್ಡಗಂಗಮ್ಮ."